ಹಳೆ ಕಾರುಗಳಿಗೆ ಒಂದು ನಾಝಲ್ ಉಳಿಸಿಕೊಡಿ: ಪೆಟ್ರೋಲಿಯಂ ಸಚಿವರಿಗೆ ಮಂಗಳೂರಿನಿಂದ ಬಹಿರಂಗ ಪತ್ರ

ಕೇಂದ್ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವರಿಗೆ,

ಮಾನ್ಯರೇ, ನಮಸ್ಕಾರ. ಬಂಕಿನ ಪೆಟ್ರೋಲಿಗೆ ಈಗ ನೂರಕ್ಕೆ 20ರಷ್ಟು ಎಥನಾಲ್, ಅಂದರೆ ಕಬ್ಬು, ಧಾನ್ಯದಿಂದ ತೆಗೆದ ಮದ್ಯಸಾರ, ಬೆರೆಸುತ್ತಾರೆ. ಅದರಿಂದ ಹಳೆ ಕಾರುಗಳಿಗೆ ಆಗುವ ತೊಂದರೆಯ ಬಗ್ಗೆ ಈ ಪತ್ರ.

ಕಳೆದ ಕಾರ್ತಿಕದಲ್ಲಿ ನಾವು ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೊರಟಿದ್ದೆವು. ನಾನು, ಅಮ್ಮ, ನನ್ನ ಮಗ. ಅಪ್ಪನ 1968ರ ಫಿಯೆಟ್ 1100 ಕಾರಿನಲ್ಲಿ. ಬಿ.ಸಿ.ರೋಡ್ ದಾಟಿ, ಪುಂಜಾಲಕಟ್ಟೆ ಹತ್ತಿರ ಬಂದಾಗ ಏರಿನಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಬಾನೆಟ್ ಎತ್ತಿದೆ. ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೆಯಿತು. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಪೆಟ್ರೋಲ್ ಹನಿ ಹನಿಯಾಗಿ ಬಿಸಿ ಎಂಜಿನ್ ಮೇಲೆ ಬೀಳುತ್ತಿತ್ತು.

ಅಮ್ಮನನ್ನೂ ಮಗನನ್ನೂ ಇಳಿಸಿ ದೂರ ನಿಲ್ಲಿಸಿದೆ. ಬ್ಯಾಟರಿ ವಯರ್ ಬಿಚ್ಚಿದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಂಜಿನ್ ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳಷ್ಟು ಏರಿತ್ತು. ಹಳೆ ಎಂಜಿನ್ ಆಯಿಲ್ ಕುಡಿಯುತ್ತದೆ, ಮಟ್ಟ ಇಳಿಯಬೇಕು. ಏರಿದೆ ಅಂದರೆ ಪೆಟ್ರೋಲ್ ಸೇರಿದೆ ಅಂತಲೇ ಅರ್ಥ. ಮೂಸಿ ನೋಡಿದೆ. ಸಂಶಯವೇ ಉಳಿಯಲಿಲ್ಲ.

ಆ ದಿನ ಕಾರನ್ನು ಎಳೆಸಿಕೊಂಡು ಮಂಗಳೂರಿಗೆ ಬಂದೆವು. ಮರುದಿನ ನಮ್ಮ ಮೆಕ್ಯಾನಿಕ್ ಪಂಪು ಬಿಚ್ಚಿದರು. ಎಪ್ಪತ್ತು ದಾಟಿದ ಬ್ಯಾರಿ ಹಿರಿಯರು ಅವರು, ಅಪ್ಪನ ಕಾಲದಿಂದ ಈ ಕಾರು ನೋಡಿಕೊಂಡವರು. ಒಳಗಿನ ಡಯಾಫ್ರಮ್, ಅಂದರೆ ರಬ್ಬರ್ ಪರದೆ, ತೆಗೆದು ನನ್ನ ಕೈಯಲ್ಲಿಟ್ಟರು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಹಲಸಿನ ಹಪ್ಪಳ ಹೇಗಾಗುತ್ತದೆ, ಹಾಗಿತ್ತು. ಮೆತ್ತಗೆ, ಉಬ್ಬಿಕೊಂಡು, ಅಂಚು ಸುರುಟಿಕೊಂಡು. ಮಧ್ಯದಲ್ಲಿ ಒಂದು ಸೀಳು. "ಇದು ಹಾಕಿ ಎರಡು ವರ್ಷ ಆಗ್ಲಿಲ್ಲ ಮಾರಾಯ್ರೆ. ನಿಮ್ಮ ಅಪ್ಪ ಇರುವಾಗ ಒಂದು ಹಾಕಿದ್ರೆ ಹದಿನಾಲ್ಕು ವರ್ಷ ಬಂದದ್ದುಂಟು" ಅಂದರು.

ಸಚಿವರೇ, ನಾನು ಎಥನಾಲ್ ವಿರೋಧಿ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ಹೊರಗಿನಿಂದ ತರಿಸುತ್ತದೆ. ಆ ದುಡ್ಡಿನಲ್ಲಿ ಒಂದು ಪಾಲು ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಹೋದರೆ ಒಳ್ಳೆಯದೇ. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿದಾಗ ಕಬ್ಬು ಬೆಳೆದವರು ಪಟ್ಟ ಪಾಡು ಉಡುಪಿ ಕಡೆಯವರಿಗೆಲ್ಲ ಗೊತ್ತು. ಎಥನಾಲಿಗೆ ಇಂಥ ಬೇಡಿಕೆ ಆಗ ಇದ್ದಿದ್ದರೆ ಅನ್ನುವ ಆಸೆ ನನಗೂ ಬರುತ್ತದೆ. ಆ ಡಯಾಫ್ರಮ್ ಹಾಳಾಗಲು ಎಥನಾಲ್ ಒಂದೇ ಕಾರಣ ಅಂತಲೂ ನಾನು ಪ್ರಮಾಣ ಮಾಡಿ ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಪಂಪ್ ರಿಪೇರಿ ಕಿಟ್ಟಿನ ರಬ್ಬರೇ ಕಳಪೆ ಇರಬಹುದು. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಈ ಪಂಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಕಚೇರಿಯಲ್ಲಿ ಇದನ್ನು ಓದುವವರು ಕಾರ್ಬೊರೇಟರ್ ಇಲ್ಲದ ಹೊಸ ಇಂಜೆಕ್ಷನ್ ಕಾರುಗಳನ್ನು ಮಾತ್ರ ಕಂಡವರಾಗಿರಬಹುದು. ಗ್ಯಾರೇಜುಗಳಲ್ಲಿ ಇದನ್ನು ಎಸಿ ಪಂಪ್ ಅನ್ನುತ್ತಾರೆ. ತಂಪು ಮಾಡುವ ಎಸಿಗೂ ಇದಕ್ಕೂ ಸಂಬಂಧವಿಲ್ಲ. ಇಂಥ ಪಂಪು ಮಾಡುತ್ತಿದ್ದ ಕಂಪನಿಯ ಹೆಸರು ಅದು, ಹಾಗೇ ಉಳಿದುಕೊಂಡಿದೆ. ಇದಕ್ಕೆ ಕರೆಂಟ್ ಬೇಡ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ತಿರುಗುವಾಗ ಒಂದು ಲಿವರನ್ನು ತಳ್ಳುತ್ತದೆ. ಲಿವರ್ ಡಯಾಫ್ರಮನ್ನು ಕೆಳಕ್ಕೆ ಎಳೆಯುತ್ತದೆ. ಆಗ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಬರುತ್ತದೆ. ಸ್ಪ್ರಿಂಗ್ ಡಯಾಫ್ರಮನ್ನು ಮೇಲಕ್ಕೆ ಒತ್ತಿದಾಗ ಪೆಟ್ರೋಲ್, ಅದನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರಿಗೆ ಹೋಗುತ್ತದೆ. ಒಳಬರಲು ಒಂದು ವಾಲ್ವ್, ಹೊರಹೋಗಲು ಒಂದು ವಾಲ್ವ್. ಇಷ್ಟೇ. ಈ ಇಡೀ ಕೆಲಸ ನಿಂತಿರುವುದು ಅಂಗೈ ಅಗಲದ ರಬ್ಬರ್ ಲೇಪಿಸಿದ ಬಟ್ಟೆಯ ಮೇಲೆ.

ಆ ಬಟ್ಟೆಯ ಮೇಲ್ಗಡೆ ಪೆಟ್ರೋಲ್, ಕೆಳಗಡೆ ಎಂಜಿನ್. ಅದು ಸೀಳಿದರೆ ಪೆಟ್ರೋಲಿಗೆ ಎರಡೇ ದಾರಿ. ಒಂದು, ಆ ಸಣ್ಣ ತೂತಿನಿಂದ ಹೊರಗೆ. ಇನ್ನೊಂದು, ಒಳಗೆ ಇಳಿದು ಎಂಜಿನ್ ಆಯಿಲಿಗೆ. ಹೊರಗೆ ಬಿದ್ದರೆ ಬೆಂಕಿಯ ಭಯ. ಆಯಿಲಿಗೆ ಬಿದ್ದರೆ ಆಯಿಲ್ ನೀರಾಗಿ ಬೇರಿಂಗ್ ಸವೆಯುತ್ತದೆ, ಎಂಜಿನ್ನೇ ಹೋಗುತ್ತದೆ. ನಮಗೆ ಎರಡೂ ಆಗಿತ್ತು. ಬೆಂಕಿ ಹತ್ತಲಿಲ್ಲ ಅನ್ನುವುದೊಂದೇ ಸಮಾಧಾನ.

ಹಳೆ ಕಾಲದ ಪಂಪುಗಳ ರಬ್ಬರ್, ಪ್ಯಾಕಿಂಗು, ಪೆಟ್ರೋಲ್ ಪೈಪು ಎಲ್ಲವನ್ನೂ ಬರೀ ಪೆಟ್ರೋಲಿಗೆ ಅಂತಲೇ ಮಾಡಿದ್ದರು. ಎಥನಾಲ್ ಅಂಥ ರಬ್ಬರಿನೊಳಕ್ಕೆ ಸೇರಿಕೊಂಡು ಅದನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ. ಕಾರು ಕೆಲವು ವಾರ ನಿಂತು ಒಣಗಿದರೆ ಅದೇ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ದಿನಾ ಓಡುವ ಕಾರಿಗಿಂತ ನಿಂತೇ ಇರುವ ಕಾರಿಗೆ ಇದರಿಂದ ಕಷ್ಟ ಹೆಚ್ಚು.

ಇಲ್ಲೇ ನಿಮ್ಮ ಸಚಿವಾಲಯದ ಒಂದು ಮಾತು ನನಗೆ ನೆನಪಾಗುತ್ತದೆ. 2025ರ ಆಗಸ್ಟಿನಲ್ಲಿ ನೀವು ಕೊಟ್ಟ ಹೇಳಿಕೆಯಲ್ಲಿ ಹೀಗೆ ಇತ್ತು: ಕೆಲವು ಹಳೆ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದೂ 20,000 ದಿಂದ 30,000 ಕಿ.ಮೀ. ಓಡಿದ ಮೇಲೆ, ಖರ್ಚು ಕಡಿಮೆ. ದಿನಾ ಆಫೀಸಿಗೆ ಹೋಗುವ ಕಾರಿಗೆ ಈ ಲೆಕ್ಕ ಸರಿ ಇರಬಹುದು. ನನ್ನ ಫಿಯೆಟ್ ವರ್ಷಕ್ಕೆ ಓಡುವುದು ಹೆಚ್ಚೆಂದರೆ 1,000 ಕಿ.ಮೀ. ನಿಮ್ಮ ಲೆಕ್ಕದಲ್ಲಿ ಅದರ ಡಯಾಫ್ರಮ್ ಬದಲಿಸಲು ಇಪ್ಪತ್ತು ವರ್ಷ ಟೈಮಿದೆ. ಅದು ಹೋದದ್ದು ಎರಡು ವರ್ಷದೊಳಗೆ. ಹಳೆ ಕಾರಿಗೆ ಕಿಲೋಮೀಟರ್ ಲೆಕ್ಕ ಹಿಡಿಯಬೇಡಿ ಸಚಿವರೇ. ತಿಂಗಳ ಲೆಕ್ಕ ಹಿಡಿಯಿರಿ.

ಅದರಲ್ಲೂ ನಮ್ಮ ಕರಾವಳಿಯ ತಿಂಗಳುಗಳು. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಹಳೆ ಕಾರು ಇಟ್ಟವರು ಈ ನಾಲ್ಕು ತಿಂಗಳು ಅದನ್ನು ಹೊರಗೆ ತೆಗೆಯುವುದಿಲ್ಲ. ಆಟಿ (ಆಷಾಢ) ತಿಂಗಳಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಬೀರುವಿನ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಹಳೆ ಕಾರಿನ ಟ್ಯಾಂಕಿಗೆ ಗಾಳಿಯಾಡಲು ದಾರಿ ಇರುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹೊರಗೆ, ರಾತ್ರಿ ತಂಪಿಗೆ ಹೊರಗಿನ ಹಸಿ ಗಾಳಿ ಒಳಗೆ. ಬರೀ ಪೆಟ್ರೋಲ್ ನೀರನ್ನು ಹತ್ತಿರ ಸೇರಿಸುವುದಿಲ್ಲ. ಎಥನಾಲ್ ಹಾಗಲ್ಲ, ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಮಟ್ಟದವರೆಗೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಆ ಮಟ್ಟ ಮೀರಿದರೆ ಎಥನಾಲ್, ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ ಅಲ್ವಾ? ಮಳೆ ಮುಗಿದು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಪಂಪಿಗೆ ಮೊದಲು ಸಿಗುವುದು ಆ ತಳದ ನೀರು. ಪಂಪಿನ ಅಲ್ಯುಮಿನಿಯಂ ಮೈಗೆ, ಟ್ಯಾಂಕಿನ ತಗಡಿಗೆ ಅದು ತುಕ್ಕು ಹಿಡಿಸುತ್ತದೆ.

ಹಾಗಾದರೆ ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಮಾಡಿಡಿ ಅಂತ ಯಾರಾದರೂ ಹೇಳಬಹುದು. ಒಂದು ವರ್ಷ ಹಾಗೂ ಮಾಡಿದೆ. ಖಾಲಿ ತಗಡಿನ ಟ್ಯಾಂಕಿಗೆ ಕರಾವಳಿಯ ಗಾಳಿ ಹೊಕ್ಕರೆ ಕೇಳಬೇಕಾ? ಅಕ್ಟೋಬರಿನಲ್ಲಿ ಫಿಲ್ಟರ್ ತುಂಬ ಕೆಂಪು ಪುಡಿ. ತುಂಬಿಟ್ಟರೆ ತೇವ, ಖಾಲಿ ಇಟ್ಟರೆ ತುಕ್ಕು. ಈಗ ಕಂಠದವರೆಗೆ ತುಂಬಿಸಿಡುತ್ತೇನೆ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ತೇವ ಕಡಿಮೆ. ವಾರಕ್ಕೊಮ್ಮೆ ಶೆಡ್ಡಿನಲ್ಲೇ ಎಂಜಿನ್ ಬಿಸಿಯಾಗುವವರೆಗೆ ಓಡಿಸುತ್ತೇನೆ.

ನನ್ನ ಹಾಗೆ ಹಳೆ ಕಾರು ಇಟ್ಟ ಉಡುಪಿ, ಮಂಗಳೂರಿನವರು ಈ ಪತ್ರ ಓದಿದರೆ ಅವರಿಗೂ ಎರಡು ಮಾತು. ಆ ಸಣ್ಣ ತೂತನ್ನು ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ. ಒದ್ದೆ ಕಂಡರೆ ಕಾರು ತೆಗೆಯಬೇಡಿ. ಅದನ್ನು ಮುಚ್ಚಲಂತೂ ಹೋಗಬೇಡಿ. ಸೀಳಿದೆ ಅಂತ ಹೊರಗಿನಿಂದ ನಿಮಗೆ ಹೇಳುವುದು ಅದೊಂದೇ. ಡಿಪ್‌ಸ್ಟಿಕ್ ಎಳೆದಾಗ ಮಟ್ಟ ನೋಡಿ, ಜೊತೆಗೆ ಮೂಸಿಯೂ ನೋಡಿ. ನಾಲ್ಕು ತಿಂಗಳು ನಿಂತ ಕಾರನ್ನು ಸೆಲ್ಫ್ ಹೊಡೆದು ಹೊಡೆದು ಎಬ್ಬಿಸಬೇಡಿ. ಪಂಪಿನ ಪಕ್ಕದಲ್ಲಿ ಕೈಯಲ್ಲಿ ಒತ್ತುವ ಲಿವರ್ ಇದ್ದರೆ ಇಪ್ಪತ್ತು, ಮೂವತ್ತು ಸಲ ಒತ್ತಿ, ಕಾರ್ಬೊರೇಟರ್ ತುಂಬಲಿ. ಹತ್ತು ವರ್ಷದವಳಿದ್ದಾಗ ಅಪ್ಪ ನನಗೆ ಕಲಿಸಿದ ಮೊದಲ ಕೆಲಸ ಅದು. ಹಬ್ಬದ ದಿನ ಬೆಳಿಗ್ಗೆ ಲಿವರ್ ಒತ್ತುವ ಹಕ್ಕು ನನ್ನದಾಗಿತ್ತು.

ಕೆಲವರು ಎಸಿ ಪಂಪ್ ಕಿತ್ತು ಎಲೆಕ್ಟ್ರಿಕ್ ಪಂಪ್ ಹಾಕಿಸುತ್ತಾರೆ. ಹಾಕಿಸುವುದಾದರೆ ಕಾರ್ಬೊರೇಟರ್ ಕಾರಿಗೆ ಅಂತಲೇ ಮಾಡಿದ ಕಡಿಮೆ ಒತ್ತಡದ್ದನ್ನೇ ಹಾಕಿಸಿ. ಇಂಜೆಕ್ಷನ್ ಕಾರಿನ ಪಂಪು ತಂದು ಕೂರಿಸಿದರೆ ಅದರ ಒತ್ತಡವನ್ನು ನಮ್ಮ ಕಾರ್ಬೊರೇಟರಿನ ನೀಡಲ್ ವಾಲ್ವ್ ತಡೆಯಲಾರದು. ಕಾರ್ಬೊರೇಟರ್ ಉಕ್ಕಿ ಎಂಜಿನ್ ಮೇಲೆಲ್ಲ ಪೆಟ್ರೋಲ್ ಆಗುತ್ತದೆ. ಇನ್ನೊಂದು ವಿಷಯ: ಎಸಿ ಪಂಪು ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪು, ಕೀ ಆನ್ ಇದ್ದರೆ, ಗುದ್ದಿದ ಮೇಲೂ ಪೆಟ್ರೋಲ್ ತಳ್ಳುತ್ತಲೇ ಇರಬಹುದು. ಗುದ್ದಿದಾಗ ಕರೆಂಟ್ ಕಡಿಯುವ ಸ್ವಿಚ್ ಇಲ್ಲದೆ ಹಾಕಿಸಲೇಬೇಡಿ. ನನಗಂತೂ ಅಪ್ಪನ ಪಂಪನ್ನೇ ಉಳಿಸಿಕೊಳ್ಳುವ ಆಸೆ.

ಈಗ ಕಿಟ್ಟಿನ ಮಾತು. ಎಥನಾಲಿಗೆ ಜಗ್ಗದ ರಬ್ಬರ್ ಇಲ್ಲ ಅಂತಲ್ಲ, ಇದೆ. ವೈಟಾನ್ ಅನ್ನುವ ಜಾತಿಯ ರಬ್ಬರ್ ಚೆನ್ನಾಗಿ ತಡೆಯುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಪಂಪ್ ಕಿಟ್ಟಿನ ಪ್ಯಾಕೆಟ್ ತಿರುಗಿಸಿ ನೋಡಿ. ಯಾವ ರಬ್ಬರ್, ಯಾವ ವರ್ಷ ಮಾಡಿದ್ದು, ಯಾವ ಪೆಟ್ರೋಲಿಗೆ ಆಗುತ್ತದೆ, ಒಂದೂ ಇರುವುದಿಲ್ಲ. ನಾನು ಊರಲ್ಲೆಲ್ಲ ಹುಡುಕಿ ಮೂರು ಬೇರೆ ಬೇರೆ ಕಡೆಯ ಕಿಟ್ ತಂದೆ. ಪ್ರತಿಯೊಂದರಿಂದ ಒಂದು ಚೂರು ಕತ್ತರಿಸಿ, ಬಂಕಿನ ಪೆಟ್ರೋಲ್ ಹಾಕಿದ ಗಾಜಿನ ಬಾಟಲಿಯಲ್ಲಿ ಮುಳುಗಿಸಿ ಅಂಗಳದ ಮೂಲೆಯಲ್ಲಿಟ್ಟೆ. ಹತ್ತು ದಿನಕ್ಕೆ ಎರಡು ಚೂರು ಉಬ್ಬಿ ಬಣ್ಣ ಬಿಟ್ಟಿದ್ದವು. ಒಂದು ಹಾಗೇ ಇತ್ತು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಒಂದು ಕಿಟ್ ಹಾಳು ಮಾಡಿ ಪರೀಕ್ಷೆ ಮಾಡಿ ಇನ್ನೊಂದು ಹಾಕಿಸಿಕೊಳ್ಳುವುದು ಎಲ್ಲರಿಗೂ ಆಗುವ ಕೆಲಸವಾ?

ಬಂಕಿನಲ್ಲೂ ಇದೇ ಕಥೆ. ನಾನು ಹೋಗುವ ಬಂಕಿನಲ್ಲಿ ಎರಡು ಬಗೆಯ ಪೆಟ್ರೋಲ್ ಇದೆ, ಮಾಮೂಲಿ ಮತ್ತು ಪ್ರೀಮಿಯಂ. ಪ್ರೀಮಿಯಂ ಮೇಲೆ ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಗುಣ) ಎಷ್ಟು ಅಂತ ದೊಡ್ಡದಾಗಿ ಬರೆದಿದ್ದಾರೆ. ಆಕ್ಟೇನ್ ಬೇರೆ, ಎಥನಾಲ್ ಪ್ರಮಾಣ ಬೇರೆ. ನಮ್ಮ ಹಳೆ ಎಂಜಿನ್ನುಗಳ ಕಂಪ್ರೆಷನ್ ಕಡಿಮೆ, ಹೆಚ್ಚು ಆಕ್ಟೇನ್ ಅವಕ್ಕೆ ಬೇಕಾಗಿಯೇ ಇಲ್ಲ. ಎಥನಾಲ್ ಎಷ್ಟು ಅಂತ ಕೇಳಿದರೆ ಹುಡುಗರಿಗೆ ಗೊತ್ತಿಲ್ಲ, ಮ್ಯಾನೇಜರಿಗೂ ಗೊತ್ತಿಲ್ಲ. ಕೊನೆಗೆ ಮನೆಯಲ್ಲೇ ನೋಡಿದೆ. ಅಳತೆಯ ಗಾಜಿನ ಕೊಳವೆಗೆ 90 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ, ಮುಚ್ಚಿ, ಕುಲುಕಿ ಇಟ್ಟೆ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 10ರಿಂದ 25ರ ಆಸುಪಾಸಿಗೆ ಏರಿತು. ಯಾರಾದರೂ ಇದನ್ನು ಮಾಡುವುದಾದರೆ ಬಯಲಿನಲ್ಲಿ ಮಾಡಿ, ಬೆಂಕಿಯಿಂದ ದೂರ. ಆದರೆ ನನಗೆ ಏನು ಮಾರುತ್ತಿದ್ದಾರೆ ಅಂತ ತಿಳಿಯಲು ನಾನು ಅಂಗಳದಲ್ಲಿ ಪ್ರಯೋಗ ಮಾಡಬೇಕಾ ಸಚಿವರೇ?

ನಮ್ಮ ಸರ್ಕಾರವೇ ಹಳೆ ಕಾರಿಗೆ ಗೌರವ ಕೊಟ್ಟಿದೆ. 2021ರ ಜುಲೈಯಲ್ಲಿ ಸಾರಿಗೆ ಸಚಿವಾಲಯ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 'ವಿಎ' ಅಕ್ಷರದ ಬೇರೆಯೇ ನಂಬರ್. ಆ ವಾಹನಗಳು ಯಾವ ಯಾವ ಕೆಲಸಕ್ಕೆ ರಸ್ತೆಗೆ ಇಳಿಯಬಹುದು ಅಂತ ಅದರಲ್ಲಿ ಪಟ್ಟಿ ಇದೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಮತ್ತು ಇಂಧನ ತುಂಬಿಸಲು. ನನ್ನ ಕಾರು ಇನ್ನೂ ಮಾಮೂಲಿ ಆರ್‌ಸಿಯಲ್ಲೇ ಇದೆ, ಐದು ವರ್ಷಕ್ಕೊಮ್ಮೆ ತೋರಿಸಿ ನವೀಕರಿಸುತ್ತೇನೆ. ಆದರೂ ಆ ಪಟ್ಟಿ ಓದಿ ಖುಷಿಯಾಗಿತ್ತು. ಇಂಧನ ತುಂಬಿಸಲು ಹೋಗಬಹುದು ಅಂತ ಒಂದು ಸಚಿವಾಲಯ ಬರೆದುಕೊಟ್ಟಿದೆ. ಯಾವ ಇಂಧನ ಅನ್ನುವ ಪ್ರಶ್ನೆಗೆ ನಿಮ್ಮ ಸಚಿವಾಲಯ ಉತ್ತರ ಕೊಡಬೇಕು.

ಇದು ಯಾರೂ ಯೋಚಿಸದ ವಿಷಯವೂ ಅಲ್ಲ. ನೀತಿ ಆಯೋಗ 2021ರ ಜೂನ್‌ನಲ್ಲಿ ಹೊರತಂದ ಎಥನಾಲ್ ವರದಿಯಲ್ಲೇ ಹಳೆ ವಾಹನಗಳ ರಕ್ಷಣೆಗೆ ಇ10 (ನೂರಕ್ಕೆ 10ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್) ಸಿಗುವಂತಿರಬೇಕು ಎಂಬ ಮಾತಿದೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾಡಿ, ಇ10ಗೆ ಹೊಂದಿಸಿದ ಕಾರುಗಳ ಮೈಲೇಜ್ ಇ20ಯಲ್ಲಿ ನೂರಕ್ಕೆ 6-7ರಷ್ಟು ಇಳಿಯಬಹುದು ಅಂತಲೂ ಅದೇ ವರದಿ ಹೇಳಿತ್ತು. ಮೈಲೇಜಿನ ಬಗ್ಗೆ ನನ್ನ ತಕರಾರಿಲ್ಲ. 2022ರ ಜೂನ್‌ನಲ್ಲಿ ದೇಶ 10 ಪರ್ಸೆಂಟ್ ಮುಟ್ಟಿತು, 2023ರ ಫೆಬ್ರವರಿಯಲ್ಲಿ ಇ20 ಬಿಡುಗಡೆಯಾಯಿತು, 2025ರಲ್ಲಿ 20 ಪರ್ಸೆಂಟ್ ಆಯಿತು. ಮೊದಲು 2030 ಅಂತಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದಿರಿ. ಆ ಓಟದಲ್ಲಿ ಇ10 ಮಾತ್ರ ಬಂಕಿನಿಂದ ಮಾಯವಾಯಿತು.

ಹೊರದೇಶದವರು ಹೀಗೆ ಮಾಡಲಿಲ್ಲ. ಬ್ರಿಟನ್ 2021ರ ಸೆಪ್ಟೆಂಬರಿನಲ್ಲಿ ಇ10ಗೆ ಹೋದಾಗ ಹಳೆ ಕಾರುಗಳಿಗೆ ಅಂತ ಸೂಪರ್ ಪೆಟ್ರೋಲನ್ನು ಇ5 ಆಗಿಯೇ ಉಳಿಸಿತು. ಜರ್ಮನಿಯಲ್ಲಿ 2011ರಿಂದ ಇ5, ಇ10 ಅಕ್ಕಪಕ್ಕದಲ್ಲೇ ಸಿಗುತ್ತವೆ. ಅಷ್ಟು ದೂರ ಹೋಗುವುದೇ ಬೇಡ, ನಾವೇ ಇದನ್ನು ಮಾಡಿದ್ದೇವೆ. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂತು. ಸೀಸದ ಪೆಟ್ರೋಲ್ ದೇಶದಲ್ಲಿ ಪೂರ್ತಿ ನಿಂತದ್ದು 2000ದ ಫೆಬ್ರವರಿ 1ಕ್ಕೆ. ನಡುವೆ ಐದು ವರ್ಷ ಹೊಸದೂ ಹಳೆಯದೂ ಎರಡೂ ಇದ್ದವು. ಆಗ ಅಪ್ಪನಿಗೂ ಸೀಸವಿಲ್ಲದೆ ಎಂಜಿನ್ನಿನ ವಾಲ್ವ್ ಸೀಟು ಸವೆಯುವ ಚಿಂತೆ ಇತ್ತು. ಆದರೆ ಯೋಚಿಸಲು, ವಿಚಾರಿಸಲು, ಕೆಲಸ ಮಾಡಿಸಲು ಅವರಿಗೆ ಸಮಯ ಸಿಕ್ಕಿತ್ತು.

2025ರ ಸೆಪ್ಟೆಂಬರ್ 1ರಂದು, ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಎಂದು ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಾಗಾಗಿ ಕೋರ್ಟಿನ ದಾರಿ ಹಿಡಿಯದೆ ನೇರ ನಿಮಗೇ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ಇದು ಕಷ್ಟದ ಕೆಲಸವಲ್ಲ ಅಂತ ನನಗನ್ನಿಸುತ್ತದೆ. 1996ರಿಂದ ಕುತ್ತೆತ್ತೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ತೈಲ ಶುದ್ಧವಾಗುತ್ತಿದೆ. ರಾತ್ರಿ ನಮ್ಮ ತಾರಸಿಯಿಂದ ಅದರ ಜ್ವಾಲೆ ಕಾಣುತ್ತದೆ. ಎಥನಾಲ್ ಬೆರೆಸುವುದು ರಿಫೈನರಿಯೊಳಗೆ ಅಲ್ಲ, ಆಮೇಲೆ, ತೈಲ ಕಂಪನಿಗಳ ಡಿಪೋದಲ್ಲಿ. ಅಂದರೆ ನನ್ನ ಕಾರಿಗೆ ಬೇಕಾದ ಪೆಟ್ರೋಲ್ ನಮ್ಮ ಊರಿನಲ್ಲೇ ಹುಟ್ಟುತ್ತಿದೆ. ಅದು ಡಿಪೋಗೆ ಹೋಗಿ, ಟ್ಯಾಂಕರ್ ಹತ್ತಿ, ಬಂಕಿಗೆ ಬರುವಷ್ಟರಲ್ಲಿ ಬೇರೆಯಾಗಿರುತ್ತದೆ. ದಕ್ಷಿಣ ಕನ್ನಡಕ್ಕೊಂದು, ಉಡುಪಿಗೊಂದು ಬಂಕಿನಲ್ಲಿ, ಈಗ ಪ್ರೀಮಿಯಂ ಕೊಡುವ ಒಂದೇ ಒಂದು ನಾಝಲ್‌ನಲ್ಲಿ ಇ5 ಅಥವಾ ಎಥನಾಲ್ ಇಲ್ಲದ ಪೆಟ್ರೋಲ್ ಕೊಡಿಸಿ. ಬೆಲೆ ಜಾಸ್ತಿ ಇರಲಿ, ಕೊಡುತ್ತೇವೆ. ವರ್ಷಕ್ಕೆ ನೂರು ಲೀಟರ್ ಕುಡಿಯುವ ಕಾರಿಗೆ ಲೀಟರಿಗೆ ಐವತ್ತು ರೂಪಾಯಿ ಹೆಚ್ಚಾದರೂ ಐದು ಸಾವಿರ. ನನ್ನ ಎಂಜಿನ್ ಬೇರಿಂಗ್ ಕೆಲಸಕ್ಕೆ ಅದರ ಎಷ್ಟೋ ಪಟ್ಟು ಹೋಯಿತು.

ಅದರ ಜೊತೆಗೆ, ಎಲ್ಲ ನಾಝಲ್ ಮೇಲೂ ಎಥನಾಲ್ ಎಷ್ಟು ಅಂತ ಕನ್ನಡದಲ್ಲಿ ಬರೆಸಿ. ಪೆಟ್ರೋಲ್ ಪೈಪು, ಪಂಪ್ ಕಿಟ್ ಮಾರುವವರು ಅದು ಇ20ಗೆ ಆಗುತ್ತದೋ ಇಲ್ಲವೋ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು ಅಂತ ಸಂಬಂಧಪಟ್ಟ ಇಲಾಖೆಗೆ ನೀವು ಹೇಳಿ. ಈ ಎರಡು ಕೆಲಸಗಳಿಂದ ಹಳೆ ಕಾರಿನವರಿಗಷ್ಟೇ ಅಲ್ಲ, ಹದಿನೈದು ವರ್ಷದ ಸ್ಕೂಟರ್ ಇಟ್ಟುಕೊಂಡು ಮೀನು ಮಾರಲು ಹೋಗುವವರಿಗೂ ಉಪಯೋಗ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆ ಕಾರುಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನನಗೂ ಅವನ್ನು ನೋಡುವುದೆಂದರೆ ಇಷ್ಟ. ಆದರೆ ನಮ್ಮ ಫಿಯೆಟ್ ಇನ್ನೂ ನಿಂತಿಲ್ಲ. ಅಪ್ಪ ವರ್ಷಗಟ್ಟಲೆ ಬುಕಿಂಗ್ ಕಾದು ತಂದ ಕಾರು ಅದು. ಅಮ್ಮ ಮದುವೆಯಾಗಿ ಬಂದದ್ದು ಅದರಲ್ಲಿ. ನಾನು ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲಿ. ಸುರತ್ಕಲ್ ಕಡಲ ತೀರದ ರಸ್ತೆಯಲ್ಲಿ, ಸ್ಟಿಯರಿಂಗ್ ಪಕ್ಕದ ಆ ಗೇರು ಹಾಕಲು ಅಪ್ಪ ಕಲಿಸಿದ್ದು ಅದರಲ್ಲಿ. ಈಗ ಮಗನಿಗೆ ಹತ್ತು ವರ್ಷ. ಪಂಪಿನ ಲಿವರ್ ಒತ್ತುವ ಕೆಲಸ ಈಗ ಅವನದು. ಪುಂಜಾಲಕಟ್ಟೆಯ ನಂತರ ಅವನು ಒತ್ತುವ ಮೊದಲು ಬಗ್ಗಿ ಆ ಸಣ್ಣ ತೂತು ನೋಡುತ್ತಾನೆ, ಒಣಗಿದೆಯಾ ಅಂತ.

ಮೇ ಕೊನೆಯ ಪತ್ತನಾಜೆ ಕಳೆದರೆ ಮಳೆ ಶುರು. ಅದಕ್ಕೆ ಮೊದಲು ನಾನು ಟ್ಯಾಂಕ್ ಕಂಠದವರೆಗೆ ತುಂಬಿಸಬೇಕು. ಯಾವ ಬಂಕಿಗೆ ಹೋಗಬೇಕು ಅಂತ ಅಷ್ಟರೊಳಗೆ ನೀವು ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
1968ರ ಫಿಯೆಟ್ ಒಂದನ್ನು ನೋಡಿಕೊಳ್ಳುತ್ತಿರುವವಳು
ಮಂಗಳೂರು